ಆಕ್ಸಲ್ ಬದಲಾದ ಹಳೆ ಮಿಲಿಟರಿ ಜೀಪಿಗೆ ಯಾವ ಹ್ಯಾಂಡ್‌ಬ್ರೇಕ್? ನಾಲ್ಕು ದಾರಿಗಳ ಹೋಲಿಕೆ

ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳ ಹ್ಯಾಂಡ್‌ಬ್ರೇಕ್ ಇರುವುದು ಗಾಲಿಗಳಲ್ಲಲ್ಲ, ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನ ಹಿಂಬದಿ ಶಾಫ್ಟಿನ ಮೇಲೆ. ಡ್ಯಾಶ್‌ಬೋರ್ಡಿನ ಹಿಡಿ ಎಳೆದರೆ ಕೇಬಲ್ ಅಲ್ಲಿನ ಪುಟ್ಟ ಡ್ರಮ್ಮನ್ನು ಬಿಗಿಯುತ್ತದೆ. ಅಷ್ಟು ಚಿಕ್ಕ ಡ್ರಮ್ ಇಡೀ ಗಾಡಿಯನ್ನು ಹಿಡಿದು ನಿಲ್ಲಿಸುವುದಕ್ಕೆ ಕಾರಣ ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್, ಅಂದರೆ ಗಾಲಿ ಒಂದು ಸುತ್ತು ತಿರುಗಲು ಶಾಫ್ಟ್ 4.88 ಸುತ್ತು ತಿರುಗಬೇಕಾದ ಗೇರ್ ಜೋಡಿ. ಶಾಫ್ಟನ್ನು ಹಿಡಿದ ಟಾರ್ಕ್ (ತಿರುಚು ಬಲ) ಗಾಲಿ ಮುಟ್ಟುವಾಗ 4.88 ಪಟ್ಟು ಆಗಿರುತ್ತದೆ. ಆಕ್ಸಲ್, ಟೈರ್ ಬದಲಿಸುವಾಗ ಮರೆತುಹೋಗುವುದು ಈ ಗುಣಾಕಾರವೇ.

ಮೊದಲು ಲೆಕ್ಕ ಹಾಕಿಬಿಡೋಣ. ಕಾರುಗಳ ಬ್ರೇಕಿನ ಯು.ಎನ್. ನಿಯಮ 13-ಎಚ್ ಪ್ರಕಾರ ತುಂಬಿದ ಕಾರು ಶೇ. 20ರ ಇಳಿಜಾರಿನಲ್ಲಿ, ಅಂದರೆ 5 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ, ನಿಲ್ಲಬೇಕು. ಕೈಹಿಡಿಗೆ ಕೊಡುವ ಬಲ 400 ನ್ಯೂಟನ್ ದಾಟಬಾರದು. ಹಳೆ ಜೀಪಿಗೆ ಇದು ಕಡ್ಡಾಯವಲ್ಲದಿದ್ದರೂ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಜನ, ಸಾಮಾನು ಸೇರಿ ತೂಕ 1,450 ಕೆಜಿ, ಟೈರಿನ ತ್ರಿಜ್ಯ 0.36 ಮೀಟರ್ ಎಂದಿಟ್ಟುಕೊಂಡರೆ ಗಾಲಿಗಳಲ್ಲಿ ಒಟ್ಟು 1,000 ನ್ಯೂಟನ್-ಮೀಟರ್ ಬೇಕು. ಅದನ್ನು 4.88ರಿಂದ ಭಾಗಿಸಿದರೆ ಶಾಫ್ಟಿನಲ್ಲಿ ಸುಮಾರು 205. ಈಗ 3.73ರ ಆಕ್ಸಲ್ ಬಂತು, 31 ಇಂಚಿನ ಟೈರ್ ಬಂತು ಅನ್ನಿ: ತ್ರಿಜ್ಯ 0.38, ಗಾಲಿಯಲ್ಲಿ 1,060, ಶಾಫ್ಟಿನಲ್ಲಿ 285. ಬ್ರೇಕಿನ ಒಂದು ಬೋಲ್ಟನ್ನೂ ಮುಟ್ಟದೆ ಅದರ ಮೇಲಿನ ಹೊರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿದೆ.

ಸ್ಪೈಸರ್ 18 ಗಾಡಿಯಲ್ಲೇ ಉಳಿದಿದ್ದರೆ ನಮ್ಮ ಆಯ್ಕೆ ಮೂಲ ಡ್ರಮ್ಮೇ. ಹಿಂಬದಿಯ ಪಿಟಿಒ (ಬೇರೆ ಯಂತ್ರ ನಡೆಸಲು ಶಕ್ತಿ ತೆಗೆಯುವ) ಜಾಗದಲ್ಲಿ ಕೂರುವ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರ್ ಈ ಶಾಫ್ಟಿಗೆ ಅಡ್ಡ ಬರುವುದಿಲ್ಲ. ಆರಂಭದ ಗಾಡಿಗಳಲ್ಲಿ ಹೊರಗಿನಿಂದ ಬಿಗಿಯುವ ಪಟ್ಟಿ ಇತ್ತು. ಆಮೇಲೆ ಬಂದ, ಒಳಗೆ ಶೂ ಇರುವ ಬಗೆಯೇ ಮೇಲು, ಕೆಸರು ಕಡಿಮೆ ಹೊಕ್ಕುತ್ತದೆ. ಇದನ್ನು ಕೆಡಿಸುವುದು ಎಣ್ಣೆ. ಬರೀ ಆಯಿಲ್ ಸೀಲ್ ಬದಲಿಸಿದರೆ ಸ್ವಲ್ಪ ದಿನದಲ್ಲೇ ಮತ್ತೆ ಸೋರುತ್ತದೆ, ಯಾಕೆಂದರೆ ಎಣ್ಣೆಗೆ ದಾರಿಗಳು ನಾಲ್ಕು. ಸೀಲ್ ಉಜ್ಜುವ ಜಾಗದಲ್ಲಿ ಯೋಕ್ (ಶಾಫ್ಟಿನ ತುದಿಯ ಜೋಡಣೆ ಭಾಗ) ಸವೆದು ಗೀರು ಬಿದ್ದಿರುತ್ತದೆ, ಅದಕ್ಕೆ ತೆಳು ಸ್ಲೀವ್ ಹಾಕಬೇಕು. ಸ್ಪ್ಲೈನ್ ಹಲ್ಲುಗಳ ಸಂದಿನಿಂದಲೂ ಎಣ್ಣೆ ನುಸುಳುತ್ತದೆ, ಅಲ್ಲಿಗೆ ಸೀಲಂಟ್ ಸವರಬೇಕು. ಗಾಳಿಕಿಂಡಿ ಕಟ್ಟಿಕೊಂಡರೆ ಒಳಗಿನ ಒತ್ತಡವೇ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಶಾಫ್ಟಿನ ಹಿಂದುಮುಂದಿನ ಆಟ ಹೆಚ್ಚಾಗಿದ್ದರೆ ಹೊಸ ಸೀಲಿನ ತುಟಿ ಬೇಗ ಹರಿಯುತ್ತದೆ; ಶಿಮ್ (ತೆಳು ತಗಡು) ಕೊಟ್ಟು ಆಟವನ್ನು 0.10ರಿಂದ 0.20 ಮಿ.ಮೀ. ಒಳಗೆ ತರಬೇಕು. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಮತ್ತೆ ಹಾಕಬೇಡಿ. ಬಿಸಿಯಾದಾಗ ಒಳಗಿನ ಎಣ್ಣೆ ಮೇಲೆ ಬಂದೇ ಬರುತ್ತದೆ.

ಟ್ರಾನ್ಸ್‌ಫರ್ ಕೇಸೇ ಬದಲಾಗಿ ಡಾನಾ 20 ಅಥವಾ 300 ಬಂದರೆ ಈ ಡ್ರಮ್ಮಿಗೆ ನೆಲೆಯಿಲ್ಲ. ಆಗ ಹಿಂದಿನ ಆಕ್ಸಲ್ ಹಳೆಯದೇ ಇದ್ದವರು ನೋಡುವುದು ಶಾಫ್ಟ್ ಡಿಸ್ಕ್: ಯೋಕ್ ಫ್ಲೇಂಜ್ ಮತ್ತು ಶಾಫ್ಟ್ ಫ್ಲೇಂಜ್ ನಡುವೆ ಡಿಸ್ಕ್, ಅದರ ಮೇಲೆ ಕೇಬಲ್‌ನಿಂದ ನಡೆಯುವ, ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಕ್ಯಾಲಿಪರ್. ಡಿಸ್ಕಿನ ಪರಿಣಾಮಕಾರಿ ತ್ರಿಜ್ಯ 100 ಮಿ.ಮೀ., ಘರ್ಷಣಾಂಕ 0.35 ಆದರೆ 205 ನ್ಯೂಟನ್-ಮೀಟರಿಗೆ ಕ್ಯಾಲಿಪರ್ ಸುಮಾರು 2,900 ನ್ಯೂಟನ್ ಬಲದಿಂದ ಒತ್ತಬೇಕು. ಡ್ರಮ್ಮಿನ ಶೂ ತಿರುಗುವ ದಿಕ್ಕಿಗೆ ತಾನಾಗಿ ಕಚ್ಚಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಪೂರ್ತಿ ಬಲ ಕೈಯಿಂದಲೇ ಬರಬೇಕು. ಡಿಸ್ಕ್ ಎಷ್ಟು ದಪ್ಪವೋ ಅಷ್ಟು ಶಾಫ್ಟನ್ನು ಗಿಡ್ಡ ಮಾಡಬೇಕು, ಬೋಲ್ಟ್ ಉದ್ದದ್ದು ಹಾಕಬೇಕು. ನಡುವಿನ ಕೇಂದ್ರ ಅಂಚು ಸರಿಯಾಗಿ ಕೂರದಿದ್ದರೆ ವೇಗದಲ್ಲಿ ಶಾಫ್ಟ್ ನಡುಗುತ್ತದೆ. ಕ್ಯಾಲಿಪರಿನ ಬ್ರಾಕೆಟ್ ಚಾಸಿಸ್‌ಗೆ ಬೇಡವೇ ಬೇಡ. ಎಂಜಿನ್ ಮೌಂಟಿನ ರಬ್ಬರಿನ ಮೇಲೆ ಟ್ರಾನ್ಸ್‌ಫರ್ ಕೇಸ್ ಅಲುಗುತ್ತದೆ, ಚಾಸಿಸ್ ಅಲುಗುವುದಿಲ್ಲ. ಪ್ಯಾಡ್ ಓರೆಯಾಗಿ ಸವೆಯುತ್ತದೆ. ಬ್ರಾಕೆಟ್ ಕೇಸಿನ ಮೇಲೇ ಇರಲಿ, 8 ಮಿ.ಮೀ.ಗಿಂತ ತೆಳುವಾಗದಿರಲಿ.

ಶಾಫ್ಟಿನ ಮೇಲಿನ ಬ್ರೇಕ್ ಡ್ರಮ್ಮಾಗಲಿ ಡಿಸ್ಕಾಗಲಿ, ಎರಡಕ್ಕೂ ಒಂದು ಅಪಾಯವಿದೆ. ಜ್ಯಾಕ್ ಕೊಟ್ಟು ಹಿಂದಿನ ಒಂದು ಗಾಲಿ ಎತ್ತಿದರೆ, ಎರಡು ಗಾಲಿಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬಿಡುಗಡೆಯಾದಂತೆಯೇ: ಎತ್ತಿದ ಗಾಲಿ ಹಿಂದಕ್ಕೆ ತಿರುಗುತ್ತದೆ, ನೆಲದ ಗಾಲಿ ಮುಂದಕ್ಕೆ ಉರುಳುತ್ತದೆ, ಬ್ರೇಕ್ ಹಿಡಿದೇ ಇರುತ್ತದೆ. ಗಾಲಿಗೆ ದಿಮ್ಮಿ ಕೊಡದೆ ಜ್ಯಾಕ್ ಮುಟ್ಟಬೇಡಿ. ಓಡುವಾಗ ಈ ಬ್ರೇಕ್ ಎಳೆಯುವುದೂ ತಪ್ಪು, ಶಾಫ್ಟಿನ ಬಾಗುವ ಕೀಲಾದ ಯು-ಜಾಯಿಂಟ್ ಮುರಿಯಬಹುದು. ಬ್ರೇಕ್ ಹಾಕಿದ ಮೇಲೆ ಜೀಪು ಒಂದೆರಡು ಸೆಂಟಿಮೀಟರ್ ಜರುಗಿ ನಿಂತರೆ ಗಾಬರಿ ಬೇಡ, ಅದು ಕ್ರೌನ್-ಪಿನಿಯನ್ನಿನ ಆಟ.

ಆಕ್ಸಲನ್ನೂ ಬದಲಿಸಿದ್ದರೆ ಹಿಂಜರಿಕೆಯೇ ಬೇಡ: ಕೇಬಲ್ ಲಿವರ್ ಇರುವ 10 ಅಥವಾ 11 ಇಂಚಿನ ಗಾಲಿ ಡ್ರಮ್. ಶಾಫ್ಟ್ ಬಿಚ್ಚಿಟ್ಟರೂ ಹಿಡಿಯುತ್ತದೆ, ಒಂದು ಗಾಲಿ ಎತ್ತಿದರೂ ಇನ್ನೊಂದು ಹಿಡಿದಿರುತ್ತದೆ. ತೊಡಕಿರುವುದು ಮೂಲ ಹಿಡಿಯಲ್ಲಿ. ಅದು ನೇರ ಎಳೆತ, ಸನ್ನೆಯ ಬಲ ಇಲ್ಲ. 400 ನ್ಯೂಟನ್ ಎಳೆದರೆ ಗಾಲಿಯೊಂದಕ್ಕೆ 200 ಮಾತ್ರ. ನಡುವೆ 3:1ರ ಬೆಲ್ ಕ್ರ್ಯಾಂಕ್ (ಎಳೆತದ ದಿಕ್ಕು ತಿರುಗಿಸುವ ಸನ್ನೆ) ಹಾಕಿದರೆ ಗಾಲಿಯೊಂದಕ್ಕೆ 600 ಸಿಗುತ್ತದೆ, ಆದರೆ ಹಿಡಿ 90 ಮಿ.ಮೀ. ಬಂದರೆ ಗಾಲಿ ಕೇಬಲ್ 30 ಮಿ.ಮೀ. ಅಷ್ಟೇ ಚಲಿಸುತ್ತದೆ. ಸಡಿಲ ಕೇಬಲ್, ಚೂಪು ತಿರುವು ಎರಡೂ ಈ 30ನ್ನೇ ತಿನ್ನುತ್ತವೆ. ಹೊಂದಿಸುವ ಕ್ರಮ ಮುಖ್ಯ: ಕೇಬಲನ್ನು ಪೂರ್ತಿ ಸಡಿಲಿಸಿ, ಡ್ರಮ್ಮಿನೊಳಗಿನ ಹೊಂದಾಣಿಕೆಯ ನಕ್ಷತ್ರ ಚಕ್ರದಿಂದ ಶೂ ಡ್ರಮ್ಮಿಗೆ ತಾಗುವವರೆಗೆ ತಂದು ತುಸು ಹಿಂದಕ್ಕೆ ಬಿಡಿ, ಕೊನೆಗೆ ಕೇಬಲ್ ಬಿಗಿಸಿ. ಶೂ ಸವೆತವನ್ನು ಕೇಬಲ್‌ನಲ್ಲೇ ಸರಿದೂಗಿಸಿದರೆ ಒಳಗಿನ ಲಿವರ್ ತನ್ನ ಮೂಲ ಜಾಗಕ್ಕೆ ಮರಳುವುದಿಲ್ಲ, ಡ್ರಮ್ ಸದಾ ಉಜ್ಜುತ್ತಾ ಬಿಸಿಯಾಗುತ್ತದೆ.

ಹ್ಯಾಂಡ್‌ಬ್ರೇಕ್ ಲಿವರ್ ಒಳಗೇ ಇರುವ ಹಿಂದಿನ ಡಿಸ್ಕ್ ಕ್ಯಾಲಿಪರ್‌ಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಹಲವು ಮಾದರಿಗಳಲ್ಲಿ ಲಿವರ್ ಎಳೆದಾಗಲೇ ಒಳಗಿನ ಹೊಂದಾಣಿಕೆ ನಡೆಯುತ್ತದೆ. ಅದನ್ನು ಅಪರೂಪಕ್ಕೆ ಬಳಸಿದರೆ ಕಾಲಿನ ಪೆಡಲ್ ಕೆಳಕ್ಕಿಳಿಯುತ್ತಾ ಹೋಗುತ್ತದೆ. ಘಾಟಿ ಇಳಿದು ಬಿಸಿಯಾಗಿಯೇ ನಿಲ್ಲಿಸಿದರೆ ಡಿಸ್ಕ್ ತಣಿದು ಕುಗ್ಗಿ ಹಿಡಿತ ಸಡಿಲಾಗುತ್ತದೆ. ಡಿಸ್ಕೇ ಬೇಕೆಂದರೆ ಡಿಸ್ಕಿನ ಬಟ್ಟಲೊಳಗೆ ಪ್ರತ್ಯೇಕ ಚಿಕ್ಕ ಡ್ರಮ್ ಇರುವ ಬಗೆ ತನ್ನಿ. ಪೈಪಿನಲ್ಲಿ ಒತ್ತಡ ಕಟ್ಟಿಡುವ ಲೈನ್ ಲಾಕ್ ಹ್ಯಾಂಡ್‌ಬ್ರೇಕಿಗೆ ಬದಲಿಯಲ್ಲ, ಎಣ್ಣೆ ತಣಿದರೂ ಸೋರಿದರೂ ಒತ್ತಡ ಹೋಯಿತು.

ಯಾವುದನ್ನೇ ಕಟ್ಟಿದರೂ ಶೇ. 20ರ ಇಳಿಜಾರಿನಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಡಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೂತಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಪರೀಕ್ಷಿಸಿ. ಗಾಲಿಯಿಂದ ಒಂದು ಗೇಣು ದೂರದಲ್ಲಿ ದಿಮ್ಮಿ ಇರಲಿ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು ಅರ್ಧ ಗಂಟೆ ಬಿಡಿ. ಹೊಸ ಕೇಬಲ್ ಮೊದಮೊದಲು ಹಿಗ್ಗುವುದರಿಂದ ಕೆಲವು ವಾರ ಓಡಿಸಿದ ಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ ಆಗಬೇಕು.