ಏರ್ ಟೂಲ್ ಹೋಲಿಕೆ: ಕಪ್ಲರ್, ನಾಜಲ್, ಟ್ರಿಗರ್, ಹೋಸ್

ಕಂಪ್ರೆಸರಿನ ಗಾಳಿಯಿಂದ ಓಡುವ ಏರ್ ಟೂಲ್ ಕೊಳ್ಳುವಾಗ ಟಾರ್ಕ್ (ತಿರುಗಿಸುವ ಬಲ) ಎಷ್ಟು, ತೂಕ ಎಷ್ಟು, ಎಷ್ಟು ಗಾಳಿ ಎಳೆಯುತ್ತದೆ ಎಂದೆಲ್ಲ ವಿಚಾರಿಸುತ್ತೇವೆ. ಅದಕ್ಕೆ ಗಾಳಿ ತಲುಪಿಸುವ ಹೋಸು, ಕಪ್ಲರು (ಹೋಸ್ ಜೋಡಿಸುವ ಕೊಂಡಿ), ನಾಜಲ್ (ಗಾಳಿ ಹೊರಬರುವ ತುದಿ) ವಿಷಯದಲ್ಲಿ ಮಾತ್ರ ಕೈಗೆ ಸಿಕ್ಕಿದ್ದನ್ನೇ ತರುತ್ತೇವೆ. ಎರಡೆರಡು ಬಗೆಯದನ್ನು ಒಂದೇ ಕೆಲಸಕ್ಕೆ ಬದಲಿಸಿ ಬದಲಿಸಿ ಹಾಕಿ ನೋಡಿದ್ದೇನೆ. ಕೈ, ಕಣ್ಣು ಉಳಿಸುವ ವಿಷಯದಲ್ಲಿ ಈ ಚಿಲ್ಲರೆ ಸಾಮಾನುಗಳದ್ದೇ ದೊಡ್ಡ ಪಾಲು ಅಂತ ನನ್ನ ಲೆಕ್ಕ. ಹಾಗಾಗಿ ಇಲ್ಲಿ ಬ್ರಾಂಡುಗಳ ಜಗಳ ಇಲ್ಲ.

ಸಾಮಾನ್ಯ ಕಪ್ಲರ್, ಸೇಫ್ಟಿ ಕಪ್ಲರ್

ಎಲ್ಲೆಡೆ ಕಾಣುವ ಸಾದಾ ಕಪ್ಲರಿನ ಹೊರಗಿನ ಬಳೆಯಂಥ ತೋಳನ್ನು ಹಿಂದಕ್ಕೆಳೆದರೆ ಒಳಗೆ ಸಿಕ್ಕಿಸಿದ ತುದಿ, ಅಂದರೆ ಪ್ಲಗ್, ಕಳಚಿಕೊಳ್ಳುತ್ತದೆ. ಒಳಗಿನ ವಾಲ್ವು ಕಂಪ್ರೆಸರ್ ಕಡೆಯ ಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಆಚೆ ಬದಿಯ ಹೋಸಿನಲ್ಲಿ ಉಳಿದ ಗಾಳಿಗೆ ದಾರಿ ಸಿಗುವುದು ಪ್ಲಗ್ ಕಳಚಿದ ಆ ಗಳಿಗೆಯಲ್ಲೇ. ಠಪ್ಪೆಂದು ಸದ್ದಾಗಿ ಪ್ಲಗ್ ಕೈಯಿಂದ ಹಾರುತ್ತದೆ. ಆಚೆ ಬದಿಯ ಹೋಸ್ ಉದ್ದವಿದ್ದಷ್ಟೂ ಏಟು ಜೋರು.

ಸೇಫ್ಟಿ ಕಪ್ಲರ್ ಇದನ್ನೇ ಎರಡು ಹೆಜ್ಜೆಯಲ್ಲಿ ಮಾಡುತ್ತದೆ. ಮೊದಲ ಸಲ ಗುಂಡಿ ಒತ್ತಿದಾಗ ಅಥವಾ ತೋಳು ಎಳೆದಾಗ ಪ್ಲಗ್ ಇದ್ದಲ್ಲೇ ಇರುತ್ತದೆ, ಗಾಳಿ ಮಾತ್ರ ಬುಸ್ಸೆಂದು ಖಾಲಿಯಾಗುತ್ತದೆ. ಸದ್ದು ನಿಂತ ಮೇಲೆ ಎರಡನೆಯ ಸಲಕ್ಕೆ ಪ್ಲಗ್ ಮೆತ್ತಗೆ ಕೈಗೆ ಬರುತ್ತದೆ. ಬಳಸಿದ ಮೇಲೆ ಸಾದಾದ್ದಕ್ಕೆ ಹಿಂತಿರುಗುವ ಮನಸ್ಸಾಗುವುದಿಲ್ಲ. ಕೊರತೆಗಳೂ ಇವೆ: ಮೈ ದಪ್ಪ, ತುಸು ಭಾರ, ಮರದ ಹೊಟ್ಟು ತುಂಬಿದರೆ ಗುಂಡಿ ಬಿಗಿಯಾಗುತ್ತದೆ. ಪ್ಲಗ್ ಕೂಡ ಅದೇ ಆಕಾರದ್ದೇ ಬೇಕು. ನೋಡಲು ಒಂದೇ ಥರ ಕಾಣುವ, ಆದರೆ ಅಳತೆ ಬೇರೆಯಿರುವ ಪ್ಲಗ್ಗುಗಳು ಬೇಕಾದಷ್ಟಿವೆ. ಹೊಂದದ್ದನ್ನು ಒತ್ತಿ ಕೂರಿಸಿದರೆ ಕೂತ ಹಾಗೆ ತೋರಿ, ಎಳೆದಾಟದ ನಡುವೆ ಬಿಟ್ಟುಕೊಳ್ಳುತ್ತದೆ.

ಎರಡರಲ್ಲಿ ಯಾವುದನ್ನೇ ಹಾಕಿ, ನಟ್ಟು ಬಿಚ್ಚುವ ಇಂಪ್ಯಾಕ್ಟ್ ಗನ್ ಅಥವಾ ಕೆತ್ತುವ ಚಿಪ್ಪಿಂಗ್ ಹ್ಯಾಮರಿನ ಬುಡಕ್ಕೇ ಕಪ್ಲರ್ ಬೇಡ. ಆ ಅದುರಿಗೆ ಪ್ಲಗ್ ಸವೆದು ಸಡಿಲವಾಗುತ್ತದೆ. ಟೂಲಿಗೆ ಗಟ್ಟಿ ಉಕ್ಕಿನ ತಿರುಪು ಫಿಟ್ಟಿಂಗ್ ಇರುವ ಗೇಣುದ್ದದ ಮೋಟು ಹೋಸ್ ಹಾಕಿ, ಕಪ್ಲರನ್ನು ಅದರ ಆಚೆ ತುದಿಗೆ ಕೊಡುವುದು ಒಳ್ಳೆಯದು. ಮಣಿಕಟ್ಟಿಗೂ ಹಗುರ.

ಏರ್ ಗನ್ನಿನ ಮೂರು ನಾಜಲ್‌ಗಳು

ನನ್ನ ಕಣ್ಣಿಗೆ ಅತಿ ಅಪಾಯದ ಸಾಮಾನು ಧೂಳು ಊದುವ ಈ ಏರ್ ಗನ್ನೇ, ಏಕೆಂದರೆ ಇದನ್ನು ಯಾರೂ ಟೂಲ್ ಎಂದು ಎಣಿಸುವುದಿಲ್ಲ. ನೇರ ಕೊಳವೆಯದು, ಪಕ್ಕದಲ್ಲಿ ತೂತಿರುವುದು, ಸುತ್ತಲಿನ ಗಾಳಿಯನ್ನೂ ಜೊತೆಗೆ ಎಳೆದುಕೊಳ್ಳುವ ವೆಂಚುರಿ ಮಾದರಿ, ಈ ಮೂರನ್ನೂ ಒಂದೇ ಲೈನಿಗೆ ಹಾಕಿ ನೋಡಿದೆ.

ತುದಿಯನ್ನು ದಪ್ಪ ರಬ್ಬರ್ ತುಂಡಿಗೆ ಒತ್ತಿ ಟ್ರಿಗರ್ ಎಳೆಯಿರಿ, ವ್ಯತ್ಯಾಸ ಅಲ್ಲೇ ಕಾಣುತ್ತದೆ. ನೇರ ಕೊಳವೆ ಒಮ್ಮೆಲೇ ಮೂಕಾಗುತ್ತದೆ, ರಬ್ಬರ್ ಗುಳಿ ಬೀಳುತ್ತದೆ. ಅಂದರೆ ಲೈನಿನ ಅಷ್ಟೂ ಒತ್ತಡ ಆ ಒಂದು ಚುಕ್ಕೆಯ ಮೇಲಿದೆ. ರಬ್ಬರಿನ ಜಾಗದಲ್ಲಿ ಅಂಗೈ ಇದ್ದರೆ ಗಾಳಿ ಚರ್ಮದೊಳಗೆ ನುಗ್ಗಬಹುದು. ಗಾಯವಿದ್ದರೆ ಇನ್ನೂ ಸುಲಭ. ರಕ್ತನಾಳಕ್ಕೆ ಗಾಳಿಗುಳ್ಳೆ ಸೇರಿದರೆ ಪ್ರಾಣಕ್ಕೇ ಕುತ್ತು. ಪಕ್ಕದ ತೂತಿನದು ಹಾಗಲ್ಲ, ತುದಿ ಮುಚ್ಚಿದರೂ ಬದಿಯಿಂದ ಸುಂಯ್ ಎನ್ನುತ್ತಲೇ ಇರುತ್ತದೆ. ತುದಿ ಮುಚ್ಚಿದಾಗ ಒತ್ತಡ 30 ಪಿಎಸ್‌ಐಗಿಂತ, ಅಂದರೆ ಸುಮಾರು 2 ಬಾರ್‌ಗಿಂತ ಕೆಳಗಿರಬೇಕು ಎಂಬ ಅಮೆರಿಕದ ಓಷಾ (ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನಿಯಮಕ್ಕೆ ಹೊಂದುವಂತೆ ಇವನ್ನು ಮಾಡಿರುತ್ತಾರೆ. ಚೂರು ಹಾರದಂತೆ ಮರೆ, ಕಣ್ಣಿಗೆ ಕನ್ನಡಕ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ.

ಕಿವಿಗೆ ಹಿತವಾಗಿದ್ದದ್ದು ವೆಂಚುರಿ. ನೇರ ಕೊಳವೆಯದು ಕಿರುಚಾಟ, ಇದರದು ದಪ್ಪ ದನಿ. ಮೇಜು, ಯಂತ್ರದ ಮೈ ಊದಲು ಇದೇ ಸಾಕು. ಆಚೆ ಬದಿ ತೆರೆಯದ ಆಳದ ಕುರುಡು ತೂತಿನ ಚೂರು ತೆಗೆಯಲು ಮಾತ್ರ ನೇರ ಕೊಳವೆಯೇ ಸಲೀಸು, ಒಪ್ಪುತ್ತೇನೆ. ಆದರೆ ಆ ಚೂರು ಬಂದ ದಾರಿಯಲ್ಲೇ ಮುಖಕ್ಕೆ ಬರುತ್ತದಲ್ಲ! ಅಲ್ಲಿಗೆ ಸಣ್ಣ ಬ್ರಷ್ಷು, ವ್ಯಾಕ್ಯೂಮ್ ಕೊಳವೆ ವಾಸಿ. ಕೆಲಸ ಮುಗಿದ ಮೇಲೆ ಬಟ್ಟೆ ಮೇಲಿನ ಧೂಳು ಊದಿಕೊಳ್ಳುವ ಚಾಳಿಗೆ ಈ ಮೂರರಲ್ಲಿ ಯಾವುದೂ ಬೇಡ.

ನೈಲ್ ಗನ್ ಟ್ರಿಗರ್

ಗಾಳಿಯಿಂದ ಮೊಳೆ ಹೊಡೆಯುವ ಈ ಗನ್ನಿನಲ್ಲಿ ಮುಖ್ಯವಾಗಿ ಎರಡು ಬಣ. ಒಂದರಲ್ಲಿ ಟ್ರಿಗರ್ ಹಿಡಿದೇ ಇದ್ದು ಮೂತಿಯನ್ನು ಮರಕ್ಕೆ ಕುಟ್ಟುತ್ತಾ ಹೋದರೆ ಕುಟ್ಟಿದಲ್ಲೆಲ್ಲ ಮೊಳೆ. ಇನ್ನೊಂದರಲ್ಲಿ ಮೊದಲು ಮೂತಿ ಒತ್ತಬೇಕು, ಆಮೇಲೆ ಟ್ರಿಗರ್, ಪ್ರತಿ ಮೊಳೆಗೂ ಎರಡನ್ನೂ ಬಿಟ್ಟು ಮತ್ತೆ ಅದೇ ಕ್ರಮ. ಮೊದಲನೆಯದರಲ್ಲಿ ಗಾಯದ ಸಂಭವ ಎರಡರಷ್ಟು ಎಂದು ಅಮೆರಿಕದ ನಿಯೋಶ್ (ಕೆಲಸದ ಸುರಕ್ಷತೆಯ ಸಂಶೋಧನಾ ಸಂಸ್ಥೆ) ಮತ್ತು ಓಷಾ 2011ರಲ್ಲಿ ಹೊರತಂದ ಕೈಪಿಡಿ ಹೇಳುತ್ತದೆ. ಕಾರಣ ಕೈಗೇ ಗೊತ್ತಾಗುತ್ತದೆ. ಮೊಳೆ ಹೊಡೆದೊಡನೆ ಗನ್ ಹಿಂದಕ್ಕೆ ಪುಟಿಯುತ್ತದೆ, ನಾವು ಒತ್ತುತ್ತಲೇ ಇರುವುದರಿಂದ ಮೂತಿ ಮತ್ತೆ ತಗಲುತ್ತದೆ, ಬೆರಳು ಟ್ರಿಗರ್ ಮೇಲೇ ಇರುತ್ತದೆ. ಬೇಡದ ಎರಡನೆಯ ಮೊಳೆ ಅಡ್ಡಾದಿಡ್ಡಿ ಹೋಗುವುದು ಹೀಗೆ.

ಅಗಲ ಹಲಗೆಯನ್ನು ಉದ್ದಕ್ಕೂ ಹೊಡೆಯುವಾಗ ಕುಟ್ಟುವ ಗನ್ ಬೇಗ, ಅದರಲ್ಲಿ ಅನುಮಾನವಿಲ್ಲ. ಆದರೆ ಚೌಕಟ್ಟು, ಮೂಲೆ, ಏಣಿ ಮೇಲಿನ ಕೆಲಸದಲ್ಲಿ ಹೊತ್ತು ಹೋಗುವುದು ಮರ ಕೂರಿಸಲು, ಗೆರೆ ನೋಡಲು. ಅಲ್ಲಿ ನನಗೆ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಬಗೆ ಎಂದು ತಿಳಿಯದಿದ್ದರೆ ಮೊಳೆಗಳನ್ನೆಲ್ಲ ಹೊರತೆಗೆದು, ಟ್ರಿಗರ್ ಎಳೆದು ಹಿಡಿದೇ ಮೂತಿಯನ್ನು ಮರಕ್ಕೆ ಒತ್ತಿ. ಹೊಡೆದರೆ ಅದು ಕುಟ್ಟುವ ಬಗೆ. ಮೊಳೆ ಸಿಕ್ಕಿಕೊಂಡಾಗ ಮಾತ್ರ ಎರಡಕ್ಕೂ ಒಂದೇ ಕಟ್ಟಳೆ: ಮೊದಲು ಹೋಸ್ ಕಳಚಿ, ಆಮೇಲೆ ಮೂತಿಗೆ ಕೈ ಹಾಕಿ.

ಗ್ರೈಂಡರ್ ಮತ್ತು ಸಾಕೆಟ್

ಗ್ರೈಂಡರಿನಲ್ಲಿ ಸಾದಾ ಲಿವರ್ ಬೇಡವೇ ಬೇಡ. ಹೋಸ್ ಸಿಕ್ಕಿಸಿದ ಗ್ರೈಂಡರನ್ನು ಮೇಜಿನ ಮೇಲಿಟ್ಟಾಗ ಲಿವರ್ ಅಡಿಗೆ ಸಿಕ್ಕಿದರೆ ಅದು ತಾನೇ ತಿರುಗಿ ಓಡುತ್ತದೆ. ಚಿಕ್ಕ ನಾಲಿಗೆಯನ್ನು ಮುಂದಕ್ಕೆ ತಳ್ಳಿದ ಮೇಲಷ್ಟೇ ಒತ್ತಲು ಬಿಡುವ ಲಿವರ್ ತೆಗೆದುಕೊಳ್ಳಿ. ಡಿಸ್ಕ್ ಮೇಲಿನ ವೇಗವನ್ನೂ ಓದಬೇಕು: ಸೆಕೆಂಡಿಗೆ 80 ಮೀಟರ್ ಮಿತಿಯ 100 ಮಿ.ಮೀ. ಡಿಸ್ಕ್ ತಡೆಯುವುದು ನಿಮಿಷಕ್ಕೆ ಸುಮಾರು 15,300 ಸುತ್ತು. ಕೈಯಳತೆಯ ಸಣ್ಣ ಡೈ ಗ್ರೈಂಡರುಗಳು 20,000 ದಾಟುವುದು ಸಾಮಾನ್ಯ, ಅವಕ್ಕೆ ಈ ಡಿಸ್ಕ್ ಸಲ್ಲದು. ಇನ್ನೊಂದು ಮಾತು, ಗಾಳಿಯ ಟೂಲಿನಲ್ಲಿ ಕರೆಂಟಿಲ್ಲ ಎಂಬ ಧೈರ್ಯದಲ್ಲಿ ಗೋಡೆ ಕೊರೆಯಬೇಡಿ. ಅದರ ಲೋಹದ ಮೈಗೆ ಇನ್ಸುಲೇಷನ್ ಇರುವುದಿಲ್ಲ, ಒಳಗಿನ ವೈರಿಗೆ ತಗಲಿದರೆ ಶಾಕ್ ನೇರ ಕೈಗೇ.

ನಟ್ಟಿನ ಮೇಲೆ ಕೂರುವ ಸಾಕೆಟ್ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಇಂಪ್ಯಾಕ್ಟ್ ಗನ್ನಿಗೆ ಕಪ್ಪು ಇಂಪ್ಯಾಕ್ಟ್ ಸಾಕೆಟ್. ಹೊಳೆಯುವ ಕ್ರೋಮ್ ಸಾಕೆಟ್ ಕೈ ಸ್ಪ್ಯಾನರಿಗೆ ಮಾಡಿದ್ದು, ಈ ಏಟಿಗೆ ಸೀಳಿ ಸಿಡಿಯುತ್ತದೆ.

ಹೋಸ್

ಪಿವಿಸಿ ಹಗುರ, ಆದರೆ ಚಳಿಗೆ ಕೋಲಿನಂತೆ ಸೆಟೆದು ಸುರುಳಿಯ ನೆನಪು ಬಿಡುವುದಿಲ್ಲ. ರಬ್ಬರ್ ಭಾರ, ಆದರೆ ಹೇಳಿದಂತೆ ಬಾಗುತ್ತದೆ. ವೆಲ್ಡಿಂಗ್ ಕಿಡಿ ಬೀಳುವ ಜಾಗಕ್ಕೆ ನನ್ನ ಆಯ್ಕೆ ಇದೇ. ಪಾಲಿಯೂರಿಥೇನ್ ಸುರುಳಿ ಮೇಜಿನ ಕೆಲಸಕ್ಕೆ ಚೆಂದ.

ಅದಕ್ಕಿಂತ ಮುಖ್ಯ ಒಳಗಿನ ಅಗಲ. ಹೆಚ್ಚಿನ ಟೂಲುಗಳಿಗೆ ಬೇಕಾದ್ದು 90 ಪಿಎಸ್‌ಐ, ಅದೂ ಟೂಲು ಓಡುತ್ತಿರುವಾಗ ಅದರ ಬಾಯಲ್ಲಿ. 6 ಮಿ.ಮೀ. ಹೋಸಿನಲ್ಲಿ ಇಂಪ್ಯಾಕ್ಟ್ ಗನ್ ಓಡಿಸಿದರೆ ಒತ್ತಡ ದಾರಿಯಲ್ಲೇ ಸೋರಿಹೋದಂತೆ ಕುಸಿಯುತ್ತದೆ. ಆಗ ಎಲ್ಲರೂ ಮಾಡುವುದು ಲೈನಿನ ಒತ್ತಡ ಹೊಂದಿಸುವ ರೆಗ್ಯುಲೇಟರ್ ಏರಿಸುವುದು. ಟ್ರಿಗರ್ ಬಿಟ್ಟೊಡನೆ ಆ ಏರಿಸಿದ ಒತ್ತಡವೆಲ್ಲ ಟೂಲಿನ ಬಾಯಿಗೆ ಬಂದು ನಿಲ್ಲುತ್ತದೆ, ಮುಂದಿನ ಸಲ ಒತ್ತಿದಾಗ ಮೊದಲ ಜಗ್ಗು ಅದರದ್ದೇ. 10 ಮಿ.ಮೀ. ಹೋಸ್ ಹಾಕಿದ ಮೇಲೆ ರೆಗ್ಯುಲೇಟರ್ ಮುಟ್ಟುವ ಗೋಜೇ ಇಲ್ಲ.

ಹೋಸಿನ ತುದಿಗೆ ತಿರುಪು ಕ್ಲಿಪ್ಪಿಗಿಂತ ಒತ್ತಿ ಕೂರಿಸಿದ ಫೆರುಲ್ (ಲೋಹದ ಬಳೆ) ಗಟ್ಟಿ, ಅಂಗೈಯನ್ನೂ ಗೀರುವುದಿಲ್ಲ. ರಸ್ತೆ ಒಡೆಯುವ ಬ್ರೇಕರಿನಂಥ ದಪ್ಪ ಹೋಸುಗಳ ಜೋಡಣೆಯಲ್ಲಿ ಪಿನ್ ಜೊತೆಗೆ, ಜೋಡಣೆ ಬಿಚ್ಚಿದರೂ ಹೋಸನ್ನು ಹಿಡಿದಿಡುವ ವಿಪ್ ಚೆಕ್ ತಂತಿಯೂ ಇರಬೇಕು. ಈ ತಂತಿಯನ್ನು ಜೋತಾಡಲು ಬಿಟ್ಟರೆ ಹೋಸ್ ಬಿಚ್ಚಿದಾಗ ಅಷ್ಟುದ್ದ ಚಾವಟಿ ಬೀಸಲು ಜಾಗ ಕೊಟ್ಟಂತೆ. ಕುಣಿಕೆಗಳನ್ನು ಎರಡೂ ಬದಿಗೆ ಎಳೆದು ತಂತಿ ಬಿಗಿಯಾದ ಮೇಲೆ ವಾಲ್ವ್ ತೆರೆಯಿರಿ.