ಕಾರವಾರದಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೂಲರ್ ಬದಲಿಸಲು ಕೊಡುವವರೇ, ಎಚ್ಚರ!

ಗ್ರಾಫಿಕ್ಸ್ ಕಾರ್ಡು ಎಂದರೆ ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೋ ಕೆಲಸ ನೋಡಿಕೊಳ್ಳುವ ಭಾಗ. ಅದನ್ನು ತಣ್ಣಗಿಡುವ ಕೂಲರ್ ಬದಲಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ನಿಮ್ಮ ಕಣ್ಣೆದುರಿಗೇ ಬಿಚ್ಚಿ ಕೂರಿಸುವುದಾದರೆ ಮಾತ್ರ ಕೊಡಿ. ಇಲ್ಲವಾದರೆ ಬೇಡವೇ ಬೇಡ. ಅಂಗಡಿಯ ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಾಗಿದೆ. ಆದರೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ನಾನು ಅಂಕೋಲೆಯವನು. ಯಕ್ಷಗಾನದ ಆಟಗಳನ್ನು ಚಿತ್ರೀಕರಿಸಿ ಎಡಿಟ್ ಮಾಡಿಕೊಡುತ್ತೇನೆ. ಕಾರ್ಡು ಜಿಟಿಎಕ್ಸ್ 1660 ಸೂಪರ್. ಮೇ ತಿಂಗಳ ಸೆಕೆಯಲ್ಲಿ, ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಮಾಡಲು ರೆಂಡರ್‌ಗೆ ಹಾಕಿದರೆ 83 ಡಿಗ್ರಿ ಮುಟ್ಟಿ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತಿತ್ತು. ಫ್ಯಾನುಗಳ ಬೇರಿಂಗ್ ಸವೆದು ಕರಕರ ಸದ್ದು ಬೇರೆ. ಕಾರವಾರದ ಪೇಟೆಯ ಅಂಗಡಿಗೆ ಒಯ್ದೆ. "ಕಂಪನಿಯ ಕೂಲರ್ ತೆಗೆದು ಮೂರು ಫ್ಯಾನಿನ ದೊಡ್ಡದು ಕೂರಿಸೋಣ ಸರ್, ಹೊಸದು, ಇಪ್ಪತ್ತು ಡಿಗ್ರಿ ಇಳಿಯುತ್ತದೆ" ಎಂದ. 4,500 ರೂಪಾಯಿ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕೆಂದರೆ ಶೇಕಡಾ 18 ಜಿಎಸ್‌ಟಿ ಮೇಲೆ ಬೀಳುತ್ತದೆ" ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಕೆಲಸ ಮುಗಿಸಿ ಅಂಗಡಿಯಲ್ಲೇ ಹಚ್ಚಿ ತೋರಿಸಿದ. ಪರದೆಯಲ್ಲಿ 61 ಡಿಗ್ರಿ. "ನೋಡಿ, ಎಲ್ಲಿಯ 83, ಎಲ್ಲಿಯ 61!"

ಮನೆಯಲ್ಲಿ ರೆಂಡರ್ ಅರ್ಧಕ್ಕೆ ಬರುವಷ್ಟರಲ್ಲಿ ಪರದೆಯ ತುಂಬ ಬಣ್ಣಬಣ್ಣದ ಚೌಕಳಿಗಳು. ಕಂಪ್ಯೂಟರ್ ಸ್ತಬ್ಧ. ಅಷ್ಟರವರೆಗೂ ಉಷ್ಣಾಂಶ 62 ದಾಟಿರಲಿಲ್ಲ! ಫೋನ್ ಮಾಡಿದೆ. "ಕಾರ್ಡು ತಣ್ಣಗಿದೆಯಲ್ಲ ಮಾರಾಯರೇ, ಇನ್ನೇನು ಬೇಕು ನಿಮಗೆ? ವಿಂಡೋಸ್ ಹೊಸದಾಗಿ ಹಾಕಿ." ಹಾಕಿದೆ. ಅದೇ ಚೌಕಳಿ. ಮತ್ತೆ ಫೋನ್ ಮಾಡಿದರೆ ನಿಮ್ಮೂರಿನ ವೋಲ್ಟೇಜ್ ಸರಿಯಿಲ್ಲ ಎಂದ. ಆಮೇಲೆ "ಸಮುದ್ರದ ಹವೆ, ಉಪ್ಪು ಹಿಡಿದಿರಬೇಕು" ಎಂದ.

ಕುಮಟೆಯಲ್ಲಿ ಟಿವಿ, ಮೊಬೈಲ್ ರಿಪೇರಿ ಮಾಡುವ ನನ್ನ ಭಾವನೇ ಕೊನೆಗೆ ಕಾರ್ಡು ಬಿಚ್ಚಿದ್ದು. ಸ್ಕ್ರೂ ತೆಗೆದು ಕೂಲರ್ ಎತ್ತಿದವನು "ಭಾವ, ಇಲ್ಲಿ ನೋಡು" ಎಂದ. ನಡುವಿನ ಮುಖ್ಯ ಚಿಪ್ಪಿನ ಮೇಲೆ ಮಾತ್ರ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್. ಅದರ ಸುತ್ತಲಿನ ಆರು ಮೆಮೊರಿ ಚಿಪ್ಪುಗಳು ಬೋಳಾಗಿದ್ದವು. ಹಳೆಯ ಥರ್ಮಲ್ ಪ್ಯಾಡ್ ಕಿತ್ತ ಜಾಗದಲ್ಲಿ ಎಣ್ಣೆಯ ಚೌಕಾಕಾರದ ಕಲೆ ಮಾತ್ರ ಉಳಿದಿತ್ತು. ವಿದ್ಯುತ್ ಭಾಗದ ಮೇಲೂ ಏನೂ ಇಲ್ಲ. ನನ್ನ ಕಾರ್ಡಿನ ಕಂಪನಿಯ ಕೂಲರ್ ಇವೆಲ್ಲವುಗಳ ಬಿಸಿಯನ್ನೂ ಪ್ಯಾಡಿನ ಮೂಲಕ ಎಳೆದುಕೊಳ್ಳುತ್ತಿತ್ತು. ಈಗ ಕೂರಿಸಿದ್ದು ನಡುವಿನ ಚಿಪ್ಪನ್ನು ಮಾತ್ರ ಮುಟ್ಟುತ್ತದೆ; ಉಳಿದವಕ್ಕೆ ಬಿಸಿ ಹೀರುವ ಪುಟ್ಟ ಲೋಹದ ಹೀಟ್‌ಸಿಂಕ್‌ಗಳನ್ನು ಒಂದೊಂದಾಗಿ ಅಂಟಿಸಬೇಕು. ಒಂದನ್ನೂ ಅಂಟಿಸಿರಲಿಲ್ಲ. ಮೆಮೊರಿಯ ಉಷ್ಣಾಂಶವನ್ನು ಈ ಕಾರ್ಡು ತೋರಿಸುವುದೇ ಇಲ್ಲ. ಅಂದರೆ ಅಷ್ಟು ಜಂಬದಿಂದ ತೋರಿಸಿದ ಆ 61 ಡಿಗ್ರಿ ನಡುವಿನ ಚಿಪ್ಪಿನದು ಮಾತ್ರ! ಪಕ್ಕದಲ್ಲಿ ಮೆಮೊರಿ ಬೇಯುತ್ತಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕಿ ಜ್ವರ ಬಿಟ್ಟಿತು ಎಂದ ಹಾಗಾಯಿತು.

ಇನ್ನೂ ಇದೆ. ಫ್ಯಾನಿನ ಎಲೆಗಳ ಹಿಂಬದಿಯಲ್ಲಿ ಒಣಗಿ ಗಟ್ಟಿಯಾದ ಧೂಳಿನ ಗೆರೆ, ತಳದ ತಾಮ್ರದ ಮೇಲೆ ಹಳೆಯ ಗೀರುಗಳು. ಯಾರದೋ ಕಾರ್ಡಿನಿಂದ ಕಿತ್ತ ಮಾಲು.

ಮರುದಿನವೇ ಕಾರವಾರಕ್ಕೆ ಹೋಗಿ "ಹೊಸದು ಎಂದಿದ್ದಿರಲ್ಲ?" ಎಂದು ಕೇಳಿದೆ. ಗಿರಾಕಿಗಳು ನಿಂತಿದ್ದರು. ಅವರೆಲ್ಲರ ಎದುರಿಗೆ ಅವನು ಹೇಳಿದ್ದು: "ನಿಮ್ಮ ಕಾರ್ಡಿಗೆ ಹೊಸದೇ ಅಲ್ಲವೇ?" ಇಬ್ಬರು ನಕ್ಕರು. ಮುಖಕ್ಕೆ ಹೊಡೆದ ಹಾಗಾಯಿತು. ಈಗಲೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ನನ್ನ ಹಳೆಯ ಕೂಲರನ್ನಾದರೂ ಕೊಡಿ ಎಂದರೆ "ಗುಜರಿಗೆ ಹೋಯಿತು" ಎಂದ. ನನ್ನ ವಸ್ತುವನ್ನು ನನ್ನನ್ನು ಕೇಳದೆ ಗುಜರಿಗೆ ಹಾಕಲು ಇವನು ಯಾರು? ಆ ಹಳೆಯ ಕೂಲರಿಗೇ ಎರಡು ಫ್ಯಾನು, ಹೊಸ ಪ್ಯಾಡು, ಪೇಸ್ಟು ಹಾಕಿದ್ದರೆ ಸಾಕಿತ್ತು ಎಂದು ಭಾವ ಹೇಳುತ್ತಾನೆ.

ಕೊಡಲೇಬೇಕಾದರೆ, ಮುಚ್ಚುವ ಮುನ್ನ ಮೆಮೊರಿಯ ಮೇಲೆ ಏನು ಅಂಟಿಸಿದ್ದಾರೆಂದು ಕಣ್ಣಾರೆ ನೋಡಿ, ಫೋಟೋ ತೆಗೆದುಕೊಳ್ಳಿ. ಹಳೆಯ ಕೂಲರನ್ನು ಅಲ್ಲೇ ಕೈಗೆ ತೆಗೆದುಕೊಳ್ಳಿ. ಬಿಲ್ ಬಿಡಬೇಡಿ, ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ, ನಾನೂ ಅಲ್ಲೇ ಕೊಟ್ಟದ್ದು.

ಭಾವ ಹೀಟ್‌ಸಿಂಕ್ ಅಂಟಿಸಿಕೊಟ್ಟ ಮೇಲೂ ಭಾರದ ಕೆಲಸಕ್ಕೆ ಚೌಕಳಿ ಬರುತ್ತಲೇ ಇದೆ. ದೂರು ಹೋದದ್ದು ಗೊತ್ತಾಗಿ ಅಂಗಡಿಯವನೇ ಫೋನ್ ಮಾಡಿ "ಕಾರ್ಡು ತನ್ನಿ ಸರ್, ಇನ್ನೊಮ್ಮೆ ನೋಡೋಣ" ಎನ್ನುತ್ತಿದ್ದಾನೆ. ಕಾರ್ಡು ಅವನ ಕೈಗೆ ಇನ್ನು ಕೊಡುವುದಿಲ್ಲ. ನನ್ನ 4,500 ರೂಪಾಯಿ ವಾಪಸ್ ಬರಬೇಕು.