ಯುಎಸ್‌ಸಿ ಡಿಫೆನ್ಸ್, 2024ರ ಮಾಡೆಲ್: ನಾಲ್ಕು ಪಂದ್ಯ ಬಳಸಿ ನೋಡಿದ ಮೇಲೆ

ರೇಟಿಂಗ್: 5ಕ್ಕೆ ಮೂರೂವರೆ. ಹೋದ ವರ್ಷ ಕೇಳಿದ್ದರೆ ಒಂದು ಸ್ಟಾರ್ ಕೊಡೋಕೂ ಕೈ ಹಿಂದೆಮುಂದೆ ನೋಡುತ್ತಿತ್ತು.

ಸರಕು: ಯುಎಸ್‌ಸಿ, ಅಂದರೆ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ಅಮೆರಿಕನ್ ಫುಟ್‌ಬಾಲ್ ತಂಡದ ಡಿಫೆನ್ಸ್, ಎದುರಾಳಿ ಪಾಯಿಂಟ್ ಗಳಿಸದಂತೆ ತಡೆಯುವ ಆಟಗಾರರು.

ಬಳಕೆ: ಎಂಎಸ್ ಓದುವಾಗಿನಿಂದ. ಈಗ ಸೀಸನ್ ಟಿಕೆಟ್ ಇದೆ. ಹೊರಗಿನ ಪಂದ್ಯ ಟಿವಿಯಲ್ಲಿ.

ಲಾಸ್ ಏಂಜಲೀಸ್ ಸುತ್ತಮುತ್ತ ನಮ್ಮವರು ಎಷ್ಟೋ ಜನ ಯುಎಸ್‌ಸಿಯಲ್ಲಿ ಓದಿ ಇಲ್ಲೇ ಉಳಿದವರು. ಅಂಥವರು ಸಿಕ್ಕಾಗಲೆಲ್ಲ ಈಗ ಕೇಳುವುದು ಒಂದೇ ಪ್ರಶ್ನೆ: "ಡಿಫೆನ್ಸ್ ನಿಜವಾಗಲೂ ಸುಧಾರಿಸಿದೆಯಾ, ಇಲ್ಲ ಇದೂ ಹೋದ ವರ್ಷದ ಹಾಗೆ ನಾಲ್ಕು ದಿನದ ಸಂಭ್ರಮವಾ?" ಇದು ಬರೆಯುವಾಗ 2024ರ ಸೆಪ್ಟೆಂಬರ್ ಮುಗಿದಿದೆ, ನಾಲ್ಕು ಪಂದ್ಯ ಆಗಿದೆ. ಒಬ್ಬೊಬ್ಬರಿಗೂ ಉತ್ತರ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಹಳೇ ಮಾಡೆಲ್ ಬಗ್ಗೆ. 2021ರ ಕೊನೆಯಲ್ಲಿ ಲಿಂಕನ್ ರೈಲಿ ಕೋಚ್ ಆಗಿ ಬಂದ ಮೇಲೆ ಪಾಯಿಂಟ್ ಗಳಿಸುವುದಕ್ಕೆ ನಮಗೆ ಬರಗಾಲ ಬರಲೇ ಇಲ್ಲ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ 2022ರಲ್ಲಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದರು. ಆದರೆ ಗಳಿಸಿದ್ದನ್ನು ಉಳಿಸಿಕೊಳ್ಳುವುದು ಮಾತ್ರ ಬರುತ್ತಿರಲಿಲ್ಲ. ಆ ಸೀಸನ್ನಿನ ಕೊನೇ ಪಂದ್ಯ, 2023ರ ಜನವರಿ 2ರ ಕಾಟನ್ ಬೌಲ್ ನೆನಪಿದೆ ಅಲ್ವಾ? ಟ್ಯುಲೇನ್ ವಿರುದ್ಧ ಕೊನೇ ಐದು ನಿಮಿಷದ ಒಳಗೆ 45-30ರ ಮುನ್ನಡೆ ಇತ್ತು. ಸೋತಿದ್ದು 46-45. ಆ ಮೇಲೆ 2023ರ ಸೀಸನ್ ಅಂತೂ ಕೇಳಲೇಬೇಡಿ. ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ವಿರುದ್ಧ ಗೆದ್ದೆವು, ಹೌದು, 50-49! ಅದನ್ನು ಗೆಲುವು ಅನ್ನಬೇಕೋ, ಬಚಾವಾದೆವು ಅನ್ನಬೇಕೋ. ಮುಂದಿನ ವಾರ ವಾಷಿಂಗ್ಟನ್ ನಮ್ಮ ಮನೆಯಂಗಳದಲ್ಲೇ 52 ಬಾರಿಸಿತು. ಮಾರನೇ ದಿನ ಡಿಫೆನ್ಸ್ ಕೋಚ್ ಅಲೆಕ್ಸ್ ಗ್ರಿಂಚ್ ಅವರನ್ನು ತೆಗೆದರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಪಂದ್ಯಕ್ಕೆ ಸರಾಸರಿ 34.4 ಪಾಯಿಂಟ್ ಬಿಟ್ಟುಕೊಟ್ಟಿದ್ದೆವು.

ಈಗ ಒಂದು ಎಚ್ಚರಿಕೆ. ಈ ವರ್ಷದ ಮೊದಲ ನಾಲ್ಕು ಪಂದ್ಯದಲ್ಲಿ ಎದುರಾಳಿಗಳು ಗಳಿಸಿದ್ದು 20, 0, 27, 21. ಒಟ್ಟು 68, ಸರಾಸರಿ 17. 34 ಎಲ್ಲಿ, 17 ಎಲ್ಲಿ, ಅರ್ಧಕ್ಕೆ ಇಳಿದಿದೆ ಎಂದು ಎಲ್ಲರೂ ಕುಣಿಯುತ್ತಿದ್ದಾರೆ. ಸ್ವಲ್ಪ ತಾಳಿ. ಹೋದ ವರ್ಷದ ಮೊದಲ ನಾಲ್ಕು ಪಂದ್ಯ ತೆಗೆದು ನೋಡಿ: 28, 14, 10, 28. ಒಟ್ಟು 80, ಸರಾಸರಿ 20. ಅಂದರೆ ಸೆಪ್ಟೆಂಬರ್‌ಗೆ ಸೆಪ್ಟೆಂಬರ್ ಹೋಲಿಸಿದರೆ ವ್ಯತ್ಯಾಸ ಬರೀ ಮೂರು ಪಾಯಿಂಟ್! ಆ ನಾಲ್ಕೂ ಪಂದ್ಯ ಗೆದ್ದು ನಾವು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆವು. ಐದನೇ ಪಂದ್ಯದಿಂದ ಶುರುವಾಯಿತು ನೋಡಿ: ಕೊಲರಾಡೊ 41, ಆರಿಜೋನಾ 41, ನೋಟರ್ ಡೇಮ್ 48.

ಹಾಗಾದರೆ ಮೂರೂವರೆ ಸ್ಟಾರ್ ಯಾಕೆ? ಎದುರಿಗೆ ಯಾರಿದ್ದರು ನೋಡಿ, ಅದಕ್ಕೆ. ಹೋದ ವರ್ಷ ಮೊದಲಿಗೆ ಸಿಕ್ಕಿದ್ದು ಸ್ಯಾನ್ ಹೋಸೆ ಸ್ಟೇಟ್, ನೆವಾಡಾ, ಸ್ಟ್ಯಾನ್‌ಫರ್ಡ್, ಆರಿಜೋನಾ ಸ್ಟೇಟ್. ಈ ವರ್ಷ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್), ಯೂಟಾ ಸ್ಟೇಟ್, ಮಿಷಿಗನ್, ವಿಸ್ಕಾನ್ಸಿನ್. ಯೂಟಾ ಸ್ಟೇಟ್ ಬಿಟ್ಟರೆ ಉಳಿದವರು ಯಾರೂ ಸುಮ್ನೆ ಬಂದು ಹೋಗುವವರಲ್ಲ. ಇನ್ನೊಂದು ವಿಷಯ, ಮಿಷಿಗನ್ ಗಳಿಸಿದ 27ರಲ್ಲಿ ಆರು ಪಾಯಿಂಟ್ ನಮ್ಮ ಡಿಫೆನ್ಸ್ ಲೆಕ್ಕಕ್ಕೆ ಬರುವುದೇ ಇಲ್ಲ. ನಮ್ಮ ಪಾಸನ್ನು ವಿಲ್ ಜಾನ್ಸನ್ ಹಿಡಿದು 42 ಯಾರ್ಡ್ ಓಡಿ ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಪಾಯಿಂಟ್ ಗಳಿಸುವುದು) ಮಾಡಿದ್ದು ಅದು. ಆಗ ನಮ್ಮ ಡಿಫೆನ್ಸ್ ಹುಡುಗರು ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದರು, ಪಾಪ.

ಹೊಸ ಮಾಡೆಲ್‌ನಲ್ಲಿ ಏನೇನು ಬದಲಾಗಿದೆ? ಮೊದಲು ಮೆಕ್ಯಾನಿಕ್ಕೇ ಬದಲು. 2024ರ ಸೀಸನ್‌ಗೆ ಡಿಫೆನ್ಸ್ ಕೋಚ್ ಆಗಿ ಡಿ'ಆಂಟನ್ ಲಿನ್ ಬಂದರು, ಅದೂ ಪಕ್ಕದ ವಿಶ್ವವಿದ್ಯಾಲಯ ಯುಸಿಎಲ್‌ಎ ಇಂದ. 2023ರ ನವೆಂಬರ್‌ನಲ್ಲಿ ಯುಸಿಎಲ್‌ಎ ನಮ್ಮನ್ನು 38-20ರಿಂದ ಸೋಲಿಸಿದಾಗ ಅವರ ಡಿಫೆನ್ಸ್ ನಡೆಸುತ್ತಿದ್ದವರು ಇವರೇ. ಹೊಡೆದವನನ್ನೇ ಮನೆಗೆ ಕರೆದುಕೊಂಡು ಬಂದಿದ್ದೇವೆ, ಬುದ್ಧಿವಂತಿಕೆಯ ಕೆಲಸ. ಅದಕ್ಕೂ ಮುಂಚೆ ಲಿನ್ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್‌ನಲ್ಲಿ ಸೇಫ್ಟಿಗಳ, ಅಂದರೆ ಡಿಫೆನ್ಸ್‌ನ ಹಿಂಭಾಗ ಕಾಯುವವರ, ಕೋಚ್ ಆಗಿದ್ದರು. ಜೊತೆಗೆ ನಾರ್ತ್ ಡಕೋಟಾ ಸ್ಟೇಟ್‌ನ ಹೆಡ್ ಕೋಚ್ ಕೆಲಸ ಬಿಟ್ಟು ಮ್ಯಾಟ್ ಎಂಟ್ಜ್, ಮುಂದಿನ ಸಾಲಿನ ಬೆನ್ನಿಗೆ ನಿಲ್ಲುವ ಲೈನ್‌ಬ್ಯಾಕರ್‌ಗಳನ್ನು ನೋಡಿಕೊಳ್ಳಲು ಬಂದರು. ಲಾಸ್ ಏಂಜಲೀಸ್ ರ‍್ಯಾಮ್ಸ್‌ನಿಂದ ಎರಿಕ್ ಹೆಂಡರ್ಸನ್, ಹ್ಯೂಸ್ಟನ್‌ನಿಂದ ಡಗ್ ಬೆಲ್ಕ್. ಒಬ್ಬರನ್ನು ಬದಲಿಸಿ ಕೈ ತೊಳೆದುಕೊಳ್ಳಲಿಲ್ಲ, ಅಡುಗೆಮನೆಯನ್ನೇ ಬದಲಿಸಿದರು. ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗಿದ್ದು ಇದೇ.

ಆಟದ ರೀತಿಯೂ ಬೇರೆ. ಹಳೇ ಪದ್ಧತಿಯಲ್ಲಿ ಚೆಂಡು ಕದಲಿದ ತಕ್ಷಣ ಮುಂದಿನ ಸಾಲಿನವರು ಪಕ್ಕಕ್ಕೆ ನುಗ್ಗುತ್ತಿದ್ದರು. ಎದುರಾಳಿಯ ಲೆಕ್ಕ ತಪ್ಪಿಸಬೇಕು, ಚೆಂಡು ಕಿತ್ತುಕೊಳ್ಳಬೇಕು ಎನ್ನುವುದೇ ಗುರಿ. ಕೆಲಸ ಮಾಡಿದಾಗ ಚೆನ್ನಾಗಿಯೇ ಕಾಣುತ್ತಿತ್ತು. ಮಾಡದಿದ್ದಾಗ ನಡುವೆ ಲಾರಿ ಹೋಗುವಷ್ಟು ಜಾಗ ಬಿಡುತ್ತಿತ್ತು. ಈಗ ಒಬ್ಬೊಬ್ಬರೂ ತಮ್ಮ ತಮ್ಮ ಸಂದು ಕಾಯುತ್ತಾರೆ. ಹಿಂಭಾಗದಲ್ಲಿರುವ ಸೇಫ್ಟಿಗಳು ಆಟ ಶುರುವಾಗುವ ಮುಂಚೆ ಒಂದು ಕಡೆ ನಿಂತು, ಶುರುವಾದ ಮೇಲೆ ಇನ್ನೊಂದು ಕಡೆ ಸರಿಯುತ್ತಾರೆ. ಎದುರಿನ ಕ್ವಾರ್ಟರ್‌ಬ್ಯಾಕ್‌ಗೆ ಒಂದು ಕ್ಷಣ ಗೊಂದಲ. ಅಷ್ಟು ಸಾಕು. ಲಿನ್ ಜೊತೆಗೇ ಯುಸಿಎಲ್‌ಎ ಬಿಟ್ಟು ಬಂದ ಸೇಫ್ಟಿ ಕಮಾರಿ ರಾಮ್ಸಿ ಈ ಕೆಲಸದಲ್ಲಿ ಪಳಗಿದ್ದಾರೆ. ಪಾಠ ಮೊದಲೇ ಗೊತ್ತಿರುವ ವಿದ್ಯಾರ್ಥಿ ಎನ್ನುವುದು ನೋಡಿದರೇ ತಿಳಿಯುತ್ತದೆ.

ಆದರೆ ಈ ಪದ್ಧತಿ, ವಿದ್ಯೆ ಎಲ್ಲ ಆಮೇಲೆ. ದೊಡ್ಡ ಬದಲಾವಣೆ ಟ್ಯಾಕಲ್‌ನಲ್ಲಿ, ಅಂದರೆ ಓಡುವವನನ್ನು ಹಿಡಿದು ಕೆಡವುವುದರಲ್ಲಿ. ನನ್ನ ಜೊತೆ ಕ್ರೀಡಾಂಗಣಕ್ಕೆ ಬರುವ ಮಂಡ್ಯ ಕಡೆಯ ಗೆಳೆಯ ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ಹೋದ ವರ್ಷ ಪ್ರತಿ ಪಂದ್ಯಕ್ಕೂ ಅವನದ್ದು ಒಂದೇ ಗೋಳು: "ಏನ್ ಮಾರಾಯ ಇದು, ರೇಡರ್ ಭುಜ ಸವರಿ ಬಿಟ್ಬಿಡ್ತಾರೆ. ತೊಡೆ ಹಿಡಿಯೋನು ಒಬ್ಬನೂ ಇಲ್ವಲ್ಲೋ!" ಅವನು ಹೇಳಿದ್ದು ಅಕ್ಷರಶಃ ನಿಜ. ಓಡಿ ಬರುವವನಿಗೆ ಮೇಲಿಂದ ಡಿಕ್ಕಿ ಹೊಡೆಯುವುದು, ಅವನು ಒದರಿಕೊಂಡು ಇನ್ನೂ ಹತ್ತು ಯಾರ್ಡ್ ಹೋಗುವುದು. ಈ ವರ್ಷ ವಿಸ್ಕಾನ್ಸಿನ್ ಪಂದ್ಯದಲ್ಲಿ ಅವನು ಎರಡನೇ ಅರ್ಧದ ಹೊತ್ತಿಗೆ ಮಾತೇ ನಿಲ್ಲಿಸಿದ್ದ. ಮೊದಲು ಬಂದವನು ಸೊಂಟದ ಕೆಳಗೆ ಹಿಡಿದು ಜೋತು ಬೀಳುತ್ತಾನೆ, ಅಷ್ಟರಲ್ಲಿ ಇನ್ನಿಬ್ಬರು ಬಂದು ಮೇಲೆ ಬೀಳುತ್ತಾರೆ. ನಾಲ್ಕು ಯಾರ್ಡ್ ಸಿಗಬೇಕಾದಲ್ಲಿ ಎರಡೇ ಸಿಗುತ್ತದೆ. ಟಿವಿಯ ಹೈಲೈಟ್ಸ್‌ನಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಆದರೆ ಹತ್ತು ಯಾರ್ಡ್ ದಾಟಲು ಸಿಗುವುದು ನಾಲ್ಕು ಯತ್ನ, ಒಂದೊಂದಕ್ಕೂ ಡೌನ್ ಎನ್ನುತ್ತಾರೆ. ಮೊದಲ ಎರಡರಲ್ಲೂ ಎರಡೆರಡೇ ಯಾರ್ಡ್ ಕೊಟ್ಟರೆ ಮೂರನೇ ಡೌನ್‌ನಲ್ಲಿ ಎದುರಾಳಿ ಆರು ಯಾರ್ಡ್ ಹುಡುಕಬೇಕು. ಆಗ ಅವರು ಪಾಸ್ ಮಾಡಲೇಬೇಕು, ಅದು ನಮ್ಮವರಿಗೂ ಗೊತ್ತು.

ಪಂದ್ಯಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲಾಸ್ ವೇಗಸ್‌ನಲ್ಲಿ ಎಲ್‌ಎಸ್‌ಯು ವಿರುದ್ಧ 27-20ರ ಗೆಲುವು. ಅವರ ಕ್ವಾರ್ಟರ್‌ಬ್ಯಾಕ್ ಗ್ಯಾರೆಟ್ ನಸ್‌ಮೈಯರ್ 304 ಯಾರ್ಡ್ ಪಾಸ್ ಮಾಡಿದರು, ಆದರೂ ಸ್ಕೋರು 20ಕ್ಕೇ ನಿಂತಿತು. ಉದ್ದಕ್ಕೂ ನಡೆಯಲು ಬಿಡಿ, ಬಾಗಿಲಲ್ಲಿ ತಡೆಯಿರಿ ಎಂಬ ಆಟ. ಯೂಟಾ ಸ್ಟೇಟ್ ವಿರುದ್ಧ 48-0. ಎದುರಾಳಿಗೆ ಸೊನ್ನೆ ಕೊಟ್ಟು ಕಳಿಸಿದ್ದು 2011ರಲ್ಲಿ ಯುಸಿಎಲ್‌ಎಯನ್ನು 50-0ರಿಂದ ಸೋಲಿಸಿದ ಮೇಲೆ ಇದೇ ಮೊದಲು. ಕೇಳೋಕೆ ಚೆನ್ನಾಗಿದೆ. ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

ಬೆಲೆ ಕೊಡಬೇಕಾದ ಪಂದ್ಯ ಮಿಷಿಗನ್‌ನದ್ದು, ನಾವು ಸೋತದ್ದು. ಸೆಪ್ಟೆಂಬರ್ 21, ಲಕ್ಷಕ್ಕೂ ಹೆಚ್ಚು ಜನ ಕೂರುವ ಮೈದಾನ, ಬಿಗ್ ಟೆನ್‌ಗೆ ಸೇರಿದ ಮೇಲೆ ನಮ್ಮ ಮೊದಲ ಲೀಗ್ ಪಂದ್ಯ. ಮಿಷಿಗನ್ ಇಡೀ ಪಂದ್ಯದಲ್ಲಿ ಪಾಸ್ ಮಾಡಿ ಗಳಿಸಿದ್ದು 32 ಯಾರ್ಡ್. ಮತ್ತೊಮ್ಮೆ ಓದಿ, ಮೂವತ್ತೆರಡು. ಅಂದರೆ ಅವರು ಚೆಂಡು ಹೊತ್ತು ಓಡಿಯೇ ಓಡುತ್ತಾರೆ ಎಂದು ಮನೆಯಲ್ಲಿ ಕೂತ ನನಗೂ ಗೊತ್ತಿತ್ತು. ಓಡಿದ್ದು 290. ಇಲ್ಲಿ ಒಂದು ಲೆಕ್ಕ ಇದೆ. ಕೇಲೆಲ್ ಮಲ್ಲಿಂಗ್ಸ್ ಅವರದ್ದು 53 ಯಾರ್ಡಿನ ಒಂದು ಓಟ, 63ರದ್ದು ಇನ್ನೊಂದು. ಡಾನವನ್ ಎಡ್ವರ್ಡ್ಸ್ ಅವರದ್ದು 41. ಮೂರೇ ಓಟಕ್ಕೆ 157 ಯಾರ್ಡ್. ಉಳಿದ ಓಟಗಳನ್ನೆಲ್ಲ ಸೇರಿಸಿದರೆ 133. ಹೆಚ್ಚು ಹೊತ್ತು ಗೋಡೆ ಗಟ್ಟಿಯಾಗಿಯೇ ಇತ್ತು. ಮೂರು ಸಲ ಬಾಗಿಲು ತೆರೆದುಕೊಂಡಿತು, ಪಂದ್ಯ ಹೋಯಿತು.

ಅದರಲ್ಲೂ ಆ 63. ನಾವು 24-20ರ ಮುನ್ನಡೆಯಲ್ಲಿದ್ದೆವು. ಗಡಿಯಾರದಲ್ಲಿ ಸ್ವಲ್ಪವೇ ಸಮಯ ಉಳಿದಿತ್ತು, ಚೆಂಡು ಮಿಷಿಗನ್‌ನ ಕಡೆಯ ಮೂಲೆಯಲ್ಲಿ ಇತ್ತು. ಪಾಸ್ ಮಾಡಲು ಬಾರದ ತಂಡಕ್ಕೆ ಅಷ್ಟು ದೂರ ಅಂದರೆ ಮುಗಿಯಿತು ಎಂದೇ ಎಲ್ಲರ ಲೆಕ್ಕ. ಮಲ್ಲಿಂಗ್ಸ್ ಚೆಂಡು ತೆಗೆದುಕೊಂಡು ಗುಂಪಿನೊಳಗೆ ನುಗ್ಗಿದರು, ಸಿಕ್ಕಿಹಾಕಿಕೊಂಡರು ಅನ್ನಿಸಿತು. ಹಿಡಿದ ಕೈ ಜಾರಿತು. ಗುಂಪಿನಿಂದ ಹೊರಗೆ ಬಂದರೆ ಮುಂದೆ ಬಯಲು. ಆಮೇಲೆ 37 ಸೆಕೆಂಡ್ ಉಳಿದಾಗ, ನಾಲ್ಕನೇ ಡೌನ್‌ನಲ್ಲಿ, ಒಂದು ಯಾರ್ಡಿನಿಂದ ಅವರೇ ಟಚ್‌ಡೌನ್ ಮಾಡಿದರು. 27-24. ನಮ್ಮ ಮನೆಯಲ್ಲಿ ಟಿವಿ ಆಫ್ ಆಯಿತು, ರಾತ್ರಿ ಊಟ ಯಾರಿಗೂ ರುಚಿಸಲಿಲ್ಲ.

ಆ ಸೋಲಿನ ಮೇಲೆ "ಅದೇ ಹಳೇ ಡಿಫೆನ್ಸ್" ಎಂದು ಬೈದವರು ತುಂಬಾ ಜನ. ನನಗೆ ಹಾಗನ್ನಿಸುವುದಿಲ್ಲ. ಹಳೇ ಡಿಫೆನ್ಸ್ ಆಗಿದ್ದರೆ ಕೊನೆಯ ಓಟಕ್ಕೆ ಅರ್ಥವೇ ಇರುತ್ತಿರಲಿಲ್ಲ, ಮೂರನೇ ಕ್ವಾರ್ಟರ್‌ನಲ್ಲೇ ಕಥೆ ಮುಗಿದಿರುತ್ತಿತ್ತು. ವಿರಾಮದ ಹೊತ್ತಿಗೆ 14-3ರಿಂದ ಹಿಂದಿದ್ದ ತಂಡ ಮುನ್ನಡೆಗೆ ಬಂದಿದ್ದು ಡಿಫೆನ್ಸ್ ಮತ್ತೆ ಮತ್ತೆ ಚೆಂಡು ವಾಪಸ್ ತಂದುಕೊಟ್ಟಿದ್ದಕ್ಕೆ. ಪಾಯಿಂಟ್ ಗಳಿಸಬೇಕಾದ ನಮ್ಮ ಆಫೆನ್ಸ್ ಮೊದಲರ್ಧದಲ್ಲಿ ನಿದ್ದೆ ಮಾಡಿದ್ದನ್ನು ಯಾರೂ ಬೈಯುವುದಿಲ್ಲ ನೋಡಿ. ಅಭ್ಯಾಸಬಲ.

ವಿಸ್ಕಾನ್ಸಿನ್ ಪಂದ್ಯ ಇದಕ್ಕೆ ಪುರಾವೆ. ವಿರಾಮಕ್ಕೆ 21-10, ಅವರು ಮುಂದೆ. ಮೊದಲಿನ ಹಾಗಿದ್ದರೆ ಪಾರ್ಕಿಂಗ್ ಜಾಗದಿಂದ ಕಾರು ತೆಗೆಯುವ ಹೊತ್ತು. ಎರಡನೇ ಅರ್ಧದಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ. ಲೈನ್‌ಬ್ಯಾಕರ್ ಮೇಸನ್ ಕಾಬ್ ಒಂದು ಪಾಸ್ ಹಿಡಿದು 55 ಯಾರ್ಡ್ ಓಡಿ ಟಚ್‌ಡೌನ್ ಮಾಡಿದಾಗ ನಮ್ಮ ಕ್ರೀಡಾಂಗಣ ಕಾಲಿಸಿಯಂ ಇಡೀ ಎದ್ದು ನಿಂತಿತು. 38-21. ಹಳೇ ಕಾಲದಲ್ಲಿ ವಿರಾಮದ ಮೊದಲು ಕೆಲಸ ಮಾಡದ ಪ್ಲಾನ್ ವಿರಾಮದ ಮೇಲೂ ಕೆಲಸ ಮಾಡುತ್ತಿರಲಿಲ್ಲ. ಈಗ ಹದಿನೈದಿಪ್ಪತ್ತು ನಿಮಿಷದಲ್ಲಿ ರಿಪೇರಿ ಮಾಡಿಕೊಂಡು ಬರುತ್ತಾರೆ. ಕೋಚ್‌ಗೆ ಕೊಟ್ಟ ಸಂಬಳ ಎಲ್ಲಿ ಹೋಯಿತು ಎಂದು ಈಗ ಕಾಣಿಸುತ್ತದೆ.

ಇನ್ನು ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ. ಕ್ವಾರ್ಟರ್‌ಬ್ಯಾಕ್ ಮೇಲೆ ಒತ್ತಡ ಸಾಲದು. ನಾಲ್ಕೇ ಜನ ನುಗ್ಗಿದಾಗ ಅವನಿಗೆ ಕಾಫಿ ಕುಡಿಯುವಷ್ಟು ಟೈಮ್ ಸಿಗುತ್ತದೆ. ಇಬ್ಬರನ್ನು ಜಾಸ್ತಿ ಕಳಿಸಿದರೆ ಹಿಂದೆ ಜಾಗ ಖಾಲಿ. ಎರಡನೆಯದು, ನಡುವಿನ ಭಾರೀ ಆಳುಗಳು ಕಡಿಮೆ. ಇದ್ದವರಲ್ಲಿ ಹೆಸರುವಾಸಿಯಾದ ಬೇರ್ ಅಲೆಕ್ಸಾಂಡರ್ ಮೂರು ಪಂದ್ಯ ಆಡಿ, ಈ ವರ್ಷ ಇನ್ನು ಆಡುವುದಿಲ್ಲ ಎಂದರು. 2024ರ ನಿಯಮದ ಪ್ರಕಾರ ನಾಲ್ಕು ಪಂದ್ಯದ ಮಿತಿ ದಾಟದಿದ್ದರೆ ಕಾಲೇಜು ತಂಡದಲ್ಲಿ ಆಡುವ ಒಂದು ವರ್ಷದ ಅರ್ಹತೆ ಉಳಿಯುತ್ತಿತ್ತು, ರೆಡ್‌ಶರ್ಟ್ ಎನ್ನುತ್ತಾರೆ. ಅವರ ಹಕ್ಕು, ಬೈಯುವಂತಿಲ್ಲ. ಆದರೆ ಬಿಗ್ ಟೆನ್‌ನಲ್ಲಿ ವಾರವಾರವೂ ಮುನ್ನೂರು ಪೌಂಡಿನವರು ತಳ್ಳಲು ಕಾಯುತ್ತಿರುತ್ತಾರೆ. ನವೆಂಬರ್ ಹೊತ್ತಿಗೆ ಇರುವವರ ಕಾಲು ಸೋತರೆ ಮಿಷಿಗನ್‌ನಂಥ ಓಟಗಳು ಮತ್ತೆ ಕಾಣಿಸುತ್ತವೆ. ಲೈನ್‌ಬ್ಯಾಕರ್ ಎರಿಕ್ ಜೆಂಟ್ರಿ 6 ಅಡಿ 6 ಇಂಚು ಎತ್ತರ, ಆ ಕೈ ಚಾಚಿದರೆ ಅರ್ಧ ಮೈದಾನ ಸಿಗುತ್ತದೆ. ಆದರೆ ಎಲ್ಲ ತೂತಿಗೂ ಅವರೊಬ್ಬರೇ ಕೈ ಕೊಡಲು ಆಗುವುದಿಲ್ಲ.

ಕೊಳ್ಳಬೇಕೆನ್ನುವವರಿಗೆ ಎರಡು ಮಾತು. ಡಿಫೆನ್ಸ್ ನೋಡಲು ಬರುವುದಾದರೆ ಮೈದಾನದ ನಡುಮಧ್ಯದ, ಐವತ್ತು ಯಾರ್ಡ್ ಗೆರೆಯ ದುಬಾರಿ ಸೀಟು ಬೇಡ. ಮೈದಾನದ ತುದಿಯ ಎಂಡ್ ಝೋನ್ ಕಡೆ ಸ್ವಲ್ಪ ಮೇಲೆ ಕೂರಿ. ಸಂದು ಎಲ್ಲಿ ತೆರೆಯಿತು, ಯಾರು ಮುಚ್ಚಿದರು ಎಂಬುದೆಲ್ಲ ಅಲ್ಲಿಂದ ಸ್ಪಷ್ಟ, ದುಡ್ಡೂ ಕಡಿಮೆ. ಮಧ್ಯಾಹ್ನದ ಪಂದ್ಯವಾದರೆ ಉತ್ತರದ ಕಡೆ ಬೇಡವೇ ಬೇಡ, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಕಾರು ತರಬೇಡಿ, ಮೆಟ್ರೋ ಇ ಲೈನ್ ಬಾಗಿಲಿಗೇ ಬಿಡುತ್ತದೆ.

ಈ ಶನಿವಾರ, 2024ರ ಅಕ್ಟೋಬರ್ 5ಕ್ಕೆ, ಮಿನಿಯಾಪೊಲಿಸ್‌ನಲ್ಲಿ ಮಿನೆಸೋಟಾ, ಅದನ್ನು ಮನೆಯಲ್ಲೇ ನೋಡಿ. ಅಕ್ಟೋಬರ್ 12ಕ್ಕೆ ಪೆನ್ ಸ್ಟೇಟ್ ನಮ್ಮ ಕಾಲಿಸಿಯಂಗೆ ಬರುತ್ತದೆ. ಒಂದೇ ಪಂದ್ಯಕ್ಕೆ ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ. ಅದು ಮುಗಿದ ಮೇಲೆ ಈ ರೇಟಿಂಗ್ ನಾಲ್ಕಕ್ಕೆ ಏರಿಸಬೇಕೋ ಎರಡಕ್ಕೆ ಇಳಿಸಬೇಕೋ ಇಲ್ಲೇ ಬಂದು ಬರೆಯುತ್ತೇನೆ.